ಕ್ರಿಯಾಟಿನಿನ್ ಏರೋವರೆಗೆ ಯಾಕೆ ಕಾಯಬೇಕು?

ಎರಡು ವಾರದ ಹಿಂದೆ ಊರಿಂದ ತಮ್ಮ ಫೋನ್ ಮಾಡಿದ್ದ. ಚಿಕ್ಕಪ್ಪನ ಮಗ, ನನ್ನ ಹಾಗೇ ಅವನಿಗೂ ಕಿಡ್ನಿ ಕಸಿ ಆಗಿದೆ. "ಅಣ್ಣಾ, ಕ್ರಿಯಾಟಿನಿನ್ 1.9 ಬಂದಿದೆ. ನಾಳೆ ಬಯಾಪ್ಸಿ ಅಂದ್ರು" ಅಂದ. ದನಿಯೇ ಉಡುಗಿಹೋಗಿತ್ತು. ಬಯಾಪ್ಸಿ ಅಂದರೆ ಕಿಡ್ನಿಗೆ ಸೂಜಿ ಚುಚ್ಚಿ ಸಣ್ಣ ತುಂಡು ತೆಗೆದು ನೋಡೋದು. ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ, ಕಿಡ್ನಿ ಸೋತರೆ ರಕ್ತದಲ್ಲಿ ಏರುತ್ತದೆ. ಮೂರು ತಿಂಗಳಿಂದ ಅದು 1.3, 1.4, 1.5 ಅಂತ ಮೆಲ್ಲಗೆ ಹತ್ತುತ್ತಲೇ ಇತ್ತು. ನೀರು ಕಡಿಮೆ ಕುಡಿದಿರ್ತೀಯ, ಏನೂ ಆಗಲ್ಲ ಬಿಡು ಅಂತ ಮನೆಯವರೆಲ್ಲ ಸಮಾಧಾನ ಹೇಳಿದ್ದರು.

ಅದೇ ದಿನ ಇಲ್ಲಿ ಅಮೆರಿಕದಲ್ಲಿ ನನ್ನ ರಿಪೋರ್ಟ್ ಬಂದಿತ್ತು. ಡೋನರ್ ಡಿಎನ್‌ಎ 0.3%. ಅಂದರೆ ನನ್ನ ರಕ್ತದಲ್ಲಿ ತೇಲಾಡುವ ಡಿಎನ್‌ಎ ಚೂರುಗಳಲ್ಲಿ ಸಾವಿರಕ್ಕೆ ಮೂರು ನನಗೆ ಕಿಡ್ನಿ ಕೊಟ್ಟ ಅಕ್ಕನವು. ಇದು ಕಡಿಮೆ ಇದ್ದಷ್ಟೂ ಒಳ್ಳೆಯದು. ನನಗೆ ಹಾಯೆನಿಸಿದ ದಿನವೇ ಅವನಿಗೆ ಆ ಭಯ. ಆವತ್ತಿಂದ ಮನಸ್ಸು ಚುಚ್ಚುತ್ತಿದೆ.

ಈ ಪರೀಕ್ಷೆಗೆ ಕೈಯಿಂದ ರಕ್ತ ಕೊಟ್ಟರೆ ಸಾಕು. ರಕ್ತ ತೆಗೆಯುವಾಕೆ ಟ್ಯೂಬನ್ನು ಎಂಟ್ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡುತ್ತಾಳೆ, ಕುಲುಕುವುದಿಲ್ಲ. ನನ್ನ ಬಿಳಿ ರಕ್ತಕಣಗಳು ಒಡೆದರೆ ನನ್ನದೇ ಡಿಎನ್‌ಎ ಜಾಸ್ತಿಯಾಗಿ ಅಕ್ಕನ ಪಾಲು ಕಡಿಮೆ ಕಾಣುತ್ತದೆ, ಅದಕ್ಕೆ. ನಮ್ಮ ದೇಹ ಕಸಿ ಕಿಡ್ನಿಯ ಮೇಲೆ ಎರಗಿದಾಗ (ರಿಜೆಕ್ಷನ್ ಅನ್ನೋದು ಇದನ್ನೇ) ಅದರ ಜೀವಕೋಶಗಳು ಸಾಯುತ್ತವೆ, ಅವುಗಳ ಡಿಎನ್‌ಎ ರಕ್ತಕ್ಕೆ ಚೆಲ್ಲುತ್ತದೆ. ಕ್ರಿಯಾಟಿನಿನ್ ಹಾಗಲ್ಲ. ಕಿಡ್ನಿಯ ಒಂದು ಭಾಗ ಸೋತರೂ ಉಳಿದ ಭಾಗ ಒಂದಷ್ಟು ದಿನ ಹೊರೆ ಹೊರುತ್ತದೆ, ಕೊನೆಗೆ ಅದಕ್ಕೂ ಆಗದಿದ್ದಾಗಲೇ ಆ ಅಂಕಿ ಏರೋದು. ಅಷ್ಟರಲ್ಲಿ ಕೆಟ್ಟದ್ದು ಕೆಟ್ಟಾಗಿರುತ್ತದೆ.

ಇದೇನು ನಿನ್ನೆ ಮೊನ್ನೆಯ ವಿಷಯವೂ ಅಲ್ಲ. 1998ರಲ್ಲೇ ಹಾಂಗ್‌ಕಾಂಗ್‌ನ ಡೆನ್ನಿಸ್ ಲೋ ತಂಡ, ಗಂಡಸರ ಅಂಗ ಪಡೆದ ಹೆಂಗಸರ ರಕ್ತದಲ್ಲಿ ಗಂಡಸರಲ್ಲಿ ಮಾತ್ರ ಇರುವ ವೈ ಕ್ರೋಮೋಸೋಮ್‌ನ ಡಿಎನ್‌ಎ ಕಂಡುಹಿಡಿದಿತ್ತು.

ಆದರೂ ನಮ್ಮಲ್ಲಿ ಮನೆಮಂದಿಗೆಲ್ಲ ಬಾಯಿಪಾಠ ಇರೋದು ಒಂದೇ ಅಂಕಿ. ಅಕ್ಕನೂ ಹಲೋ ಅನ್ನೋಕೆ ಮೊದಲೇ ಕ್ರಿಯಾಟಿನಿನ್ ಎಷ್ಟು ಅಂತ ಕೇಳುತ್ತಾಳೆ. ಅದು ಸ್ವಲ್ಪ ಏರಿದರೆ ಮುಂದಿನ ತಿಂಗಳು ನೋಡೋಣ ಅಂತೀವಿ, ಯಾಕೆಂದರೆ ಅದರಾಚೆ ಇರೋದು ಸೂಜಿ. ನನಗೂ ಒಮ್ಮೆ ಬಯಾಪ್ಸಿ ಆಗಿದೆ. ಹೊಟ್ಟೆಯ ಕೆಳಗೆ, ಬಲಗಡೆ, ಮರಗಟ್ಟಿದ ಜಾಗದಲ್ಲಿ ಟಪ್ ಅಂತ ಒಂದು ಸದ್ದು. ದಾರದೆಳೆಯಷ್ಟು ತುಂಡು. ಆಮೇಲೆ ಗಂಟೆಗಟ್ಟಲೆ ಅಲುಗಾಡದೆ ಮಲಗಿ, ಪ್ರತಿ ಸಲ ಮೂತ್ರದ ಬಟ್ಟಲನ್ನು ಬೆಳಕಿಗೆ ಹಿಡಿದು ಕೆಂಪಿದೆಯಾ ಅಂತ ನೋಡಿದ್ದೆ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಕಾಯೋದಕ್ಕೂ ಸೂಜಿಗೂ ನಡುವೆ ಇನ್ನೊಂದು ದಾರಿ ಇದೆ ಅಂತ ತಮ್ಮನಿಗೆ ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ಫೋನಲ್ಲಿ ಮಾತಾಡಿ ನಾನೂ ಹೇಳಿರಲಿಲ್ಲ.

ಇನ್ನೊಂದು ಮಾತು, ಬರೆಯೋಕೆ ಅಷ್ಟು ಮನಸ್ಸಿಲ್ಲ, ಆದರೂ ಹೇಳಬೇಕು. ಇದು ದುಬಾರಿ ಪರೀಕ್ಷೆ, ಎಲ್ಲರ ಕೈಗೆಟುಕುವಂಥದ್ದಲ್ಲ. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಡೋನರ್ ಡಿಎನ್‌ಎಗೆ 1% ಗಡಿ ಇಟ್ಟು, ಬಯಾಪ್ಸಿ ಜೊತೆ ಹೋಲಿಸಿ ನೋಡಿದ್ದರು. ಗಡಿ ದಾಟಿದ್ದರಲ್ಲಿ ನಿಜವಾಗಿ ರಿಜೆಕ್ಷನ್ ಇದ್ದದ್ದು 61% ಮಾತ್ರ. ದಾಟದಿದ್ದರಲ್ಲಿ 84% ಕಡೆ ಇರಲಿಲ್ಲ. ಅಂದರೆ ಉಳಿದ ಕಡೆ ಇತ್ತು, ಪರೀಕ್ಷೆಗೆ ಸಿಕ್ಕಿರಲಿಲ್ಲ ಅಷ್ಟೇ. ಪ್ರತಿಕಾಯಗಳಿಂದ (ಆಂಟಿಬಾಡಿ) ಆಗುವ ರಿಜೆಕ್ಷನ್ ಇದಕ್ಕೆ ಚೆನ್ನಾಗಿ ಸಿಗುತ್ತದೆ, ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಂದಾಗುವುದು, ಅದರಲ್ಲೂ ಸಣ್ಣ ಮಟ್ಟದ್ದು, ತಪ್ಪಿಸಿಕೊಳ್ಳಬಹುದು. ಯಾವುದು ಅಂತ ಖಚಿತ ಮಾಡಿ ಔಷಧಿ ಕೊಡೋಕೆ ಇವತ್ತಿಗೂ ಬಯಾಪ್ಸಿಯೇ ಬೇಕು.

ತಮ್ಮನದು ಟಿ ಕೋಶದ್ದೇ ಅಂತ ಬಂತು. ನನ್ನ ಪರೀಕ್ಷೆ ಅವನಿಗೆ ಮಾಡಿಸಿದ್ದರೂ ಮೊದಲೇ ಗೊತ್ತಾಗುತ್ತಿತ್ತೋ ಇಲ್ಲವೋ. ಊರಿನ ಡಾಕ್ಟರು ರಿಪೋರ್ಟ್ ಬಂದ ಸಂಜೆಯೇ ಸ್ಟೀರಾಯ್ಡ್ ಶುರು ಮಾಡಿದರು, ಮೂರು ದಿನ ಡ್ರಿಪ್ಪಿನಲ್ಲಿ. ನಿನ್ನೆ 1.6ಕ್ಕೆ ಇಳಿದಿದೆ ಅಂತ ಮೆಸೇಜ್ ಹಾಕಿದ್ದಾನೆ. ಮೊದಲಿನ 1.3ಕ್ಕೆ ಬರುತ್ತಾ ಅಂತ ಕೇಳಿದರೆ, ನೋಡೋಣ ಅಂದರಂತೆ.