ಹೊಟ್ಟೆ ಕಂಡ ಮೇಲೆ ಬನ್ನಿ

ನಾನು ಬಸುರಿ ಅಂತ ಆಫೀಸಿನಲ್ಲಿ ಮೊದಲು ಗೊತ್ತಾದದ್ದು ಎಚ್‌ಆರ್‌ಗೆ ಅಲ್ಲ. ಪಕ್ಕದ ಸೀಟಿನ ಗೆಳತಿಗೂ ಅಲ್ಲ. ಟಾಯ್ಲೆಟ್ ತೊಳೆಯುವ ಅಕ್ಕನಿಗೆ. ನಾನು ಏನೂ ಹೇಳಿರಲಿಲ್ಲ. ಒಂದು ವಾರ ಸುಮ್ನೆ ನೋಡಿದರು. ಆಮೇಲೆ ಒಂದು ದಿನ ನಾನು ಬಾಯಿಗೆ ಕರ್ಚೀಫು ಒತ್ತಿಕೊಂಡು ಒಳಗೆ ನುಗ್ಗಿದಾಗ, ಮಾಪು ಒತ್ತುತ್ತಲೇ, "ಮೇಡಂ, ಕಡೇದಕ್ಕೆ ಹೋಗಿ. ಅದಕ್ಕೆ ಫಿನಾಯಿಲ್ ಹಾಕಿಲ್ಲ" ಅಂದರು.

ಮೊದಲ ಮೂರು ತಿಂಗಳಲ್ಲಿ ಆ ಕಟ್ಟಡದಲ್ಲಿ ನನಗೆ ಸಿಕ್ಕ ಸೌಲಭ್ಯ ಅದೊಂದೇ.

12 ವಾರ ಬಾಯಿ ಬಿಡಬಾರದು ಅನ್ನೋದು ಎಲ್ಲೂ ಬರೆದಿಟ್ಟ ನಿಯಮವಲ್ಲ. ಆದರೆ ಬರೆದಿಟ್ಟ ನಿಯಮಗಳನ್ನೆಲ್ಲ ಮುರಿಯುವವರೂ ಇದನ್ನು ಮಾತ್ರ ಮುರಿಯುವುದಿಲ್ಲ. ಮನೆಯವರು ಹೇಳಬೇಡ ಅನ್ನುತ್ತಾರೆ. ಗೆಳತಿಯರು ಹೇಳಬೇಡ ಅನ್ನುತ್ತಾರೆ. "ಅಪ್ರೈಸಲ್ ಮುಗಿಯೋ ತನಕ ಸುಮ್ನಿರು" ಅಂತ ಆಗಲೇ ಎರಡು ಮಕ್ಕಳನ್ನು ಹೆತ್ತವರು ಕಿವಿಯಲ್ಲಿ ಉಸುರುತ್ತಾರೆ. ಹಾಗಾಗಿ ಆ ಮೂರು ತಿಂಗಳು ನಾನು ಬಸುರಿಯಾಗಿರಲಿಲ್ಲ. ನನಗೆ ಗ್ಯಾಸ್ಟ್ರಿಕ್ ಇತ್ತು.

ಗ್ಯಾಸ್ಟ್ರಿಕ್ ಬಹಳ ಉಪಕಾರಿ ಕಾಯಿಲೆ. ವಾಂತಿಗೂ ಆಗುತ್ತದೆ, ತಲೆಸುತ್ತಿಗೂ ಆಗುತ್ತದೆ, ಪಕ್ಕದವರು ಊಟದ ಡಬ್ಬಿ ಮುಚ್ಚಳ ತೆಗೆದ ಕೂಡಲೇ ಎದ್ದು ಓಡುವುದಕ್ಕೂ ಆಗುತ್ತದೆ. ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಯಾಕೆಂದರೆ ಕೇಳಿದವರಿಗೂ ಗ್ಯಾಸ್ಟ್ರಿಕ್ ಇರುತ್ತದೆ. ಅವರು ತಮ್ಮದನ್ನು ಹೇಳಲು ಶುರು ಮಾಡುತ್ತಾರೆ.

ಬಸಿರಿನ ಲೆಕ್ಕವೇ ಒಂದು ತಮಾಷೆ. ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ ವಾರ ಎಣಿಸುತ್ತಾರೆ. ಅಂದರೆ ಮೊದಲ ಎರಡು ವಾರ ಗರ್ಭವೇ ಕಟ್ಟಿರುವುದಿಲ್ಲ, ಆದರೂ ಲೆಕ್ಕಕ್ಕೆ ಸೇರುತ್ತದೆ. ಕಡ್ಡಿಯಲ್ಲಿ ಎರಡು ಗೆರೆ ಮೂಡುವ ಹೊತ್ತಿಗೆ ಆಗಲೇ ನಾಲ್ಕೋ ಐದೋ ವಾರ. ಕೆಲಸಕ್ಕೆ ಸೇರುವ ಮೊದಲೇ ಹಾಜರಿ ಹಾಕುವ ಇನ್ನೊಂದು ಕಚೇರಿ ನಾನು ನೋಡಿಲ್ಲ. ಆಮೇಲೆ ಬಡ್ಡಿ ಸಮೇತ ವಸೂಲಿ ಮಾಡುತ್ತದೆ, ಅದು ಬೇರೆ ಮಾತು. ಎಚ್‌ಸಿಜಿ ಅನ್ನುವ ಹಾರ್ಮೋನು ಶುರುವಿನಲ್ಲಿ ಎರಡು ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತಾ ಹೋಗಿ 8ರಿಂದ 11ನೇ ವಾರದ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ. ನಮ್ಮ ಸೇಲ್ಸ್ ಟೀಮಿನವರು ಕನಸಿನಲ್ಲೂ ಅಂಥ ಗ್ರಾಫು ಕಂಡಿಲ್ಲ. ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನು ಹಗಲಲ್ಲೇ ರೆಪ್ಪೆ ಮೇಲೆ ಕಲ್ಲು ಇಡುತ್ತದೆ. ಗಳಿಗೆಗೊಮ್ಮೆ ಮೂತ್ರಕ್ಕೆ ಏಳಬೇಕು.

ವಾಕರಿಕೆ 100 ಬಸುರಿಯರಲ್ಲಿ ಸುಮಾರು 70 ಮಂದಿಗೆ ಇರುತ್ತದೆ. ಕೆಲವರಿಗೆ ಕುಡಿದ ನೀರೂ ನಿಲ್ಲದೆ ಆಸ್ಪತ್ರೆಗೆ ಸೇರಿ ಡ್ರಿಪ್ ಹಾಕಿಸಿಕೊಳ್ಳಬೇಕಾಗುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಇಟ್ಟ ಹೆಸರು ಮಾರ್ನಿಂಗ್ ಸಿಕ್‌ನೆಸ್. ಹೆಸರಿಟ್ಟವನು ಬೆಳಿಗ್ಗೆ ಹೆಂಡತಿಯ ಮುಖ ನೋಡಿ ಕೆಲಸಕ್ಕೆ ಹೊರಟವನೇ ಇರಬೇಕು. ಆಮೇಲೆ ಸಂಜೆ ತನಕ ಏನಾಯಿತು ಅಂತ ನೋಡೋಕೆ ಅವನು ಮನೆಯಲ್ಲಿ ಇರಲಿಲ್ಲ.

ಇನ್ನು ಒಳಗೆ ನಡೆಯುವ ಕೆಲಸ. ಮಿದುಳು, ಬೆನ್ನುಹುರಿ ಆಗಬೇಕಾದ ಕೊಳವೆ 6ನೇ ವಾರದ ಹೊತ್ತಿಗೆ ಮುಚ್ಚಿಕೊಳ್ಳಬೇಕು. ಡಾಕ್ಟರು ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ನುಂಗು ಅನ್ನೋದು ಅದಕ್ಕೇ. ಹೃದಯ ಮಿಡಿಯಬೇಕು. ಮಾಸು ಕಟ್ಟಬೇಕು. 12 ವಾರಕ್ಕೆ ಕೂಸು ಐದಾರು ಸೆಂಟಿಮೀಟರ್ ಇರುತ್ತದೆ, ಆದರೆ ಮುಖ್ಯ ಅಂಗಗಳೆಲ್ಲ ಆಗಲೇ ರೂಪ ತಳೆದಿರುತ್ತವೆ. ಇಷ್ಟೆಲ್ಲ ಆಗುವಾಗ ಹೊರಗಿನಿಂದ ಹೊಟ್ಟೆ ಚಪ್ಪಟೆ. ಚಪ್ಪಟೆ ಹೊಟ್ಟೆಗೆ ಯಾರೂ ಕುರ್ಚಿ ಬಿಟ್ಟುಕೊಡುವುದಿಲ್ಲ.

ಅದೇ ಸಮಯಕ್ಕೆ ನಮ್ಮ ಟೀಮಿಗೂ ಒಂದು ಹೊಸ ಪ್ರಾಜೆಕ್ಟ್ ನಿಂತಿತು. ಇನ್ನೂ ಒಂದು ಸಾಲು ಕೆಲಸ ಆಗಿರಲಿಲ್ಲ. ಕ್ಲೈಂಟ್ ಸಹಿ ಕೂಡ ಹಾಕಿರಲಿಲ್ಲ. ಆದರೂ ಮೊದಲ ದಿನವೇ ಇಡೀ ಕಂಪನಿಗೆ ಮೇಲ್ ಹೋಯಿತು. ಬಲೂನು ಕಟ್ಟಿದರು, ಹೆಸರಿಟ್ಟರು, ಗುಂಪಾಗಿ ನಿಂತು ಫೋಟೋ ತೆಗೆಸಿಕೊಂಡರು. "ಈ ಪ್ರಾಜೆಕ್ಟ್ ನಮ್ಮೆಲ್ಲರ ಮಗು ಇದ್ದ ಹಾಗೆ" ಅನ್ನುವಾಗ ಮ್ಯಾನೇಜರ್ ಸರ್ ಗಂಟಲು ಕಟ್ಟಿತು. ಅವರ ಇಂಥ ಎಷ್ಟೋ ಮಕ್ಕಳು ಮೂರನೇ ತಿಂಗಳು ದಾಟಿಲ್ಲ. ಅದು ಅವರಿಗೂ ಗೊತ್ತು, ನಮಗೂ ಗೊತ್ತು. ಆದರೂ "12 ವಾರ ಆಗೋ ತನಕ ಯಾರಿಗೂ ಹೇಳಬೇಡಿ ಸರ್" ಅಂತ ಯಾರೂ ಅನ್ನಲಿಲ್ಲ.

ಆ ದಿನಗಳಲ್ಲಿ ನಾನು ಮೀಟಿಂಗಿನಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆ ಕಲಿಯುತ್ತಿದ್ದೆ. ಒಂದು ಮಧ್ಯಾಹ್ನ ಸರ್ ಇದ್ದಕ್ಕಿದ್ದ ಹಾಗೆ ನನ್ನ ಕಡೆ ತಿರುಗಿ, "ಡೆಲಿವರಿ ಯಾವಾಗ?" ಅಂದರು. ಎದೆ ಧಸಕ್ ಅಂತು. ಕೈ ತಾನಾಗೇ ಹೊಟ್ಟೆ ಮೇಲೆ ಹೋಯಿತು.

"ಇನ್ನೂ ಏಳು ತಿಂಗಳಿದೆ ಸರ್" ಅಂದುಬಿಟ್ಟೆ.

"ಏಳು ತಿಂಗಳಾ? ಕ್ಲೈಂಟಿಗೆ ಆರು ವಾರ ಅಂತ ಹೇಳಿದ್ದೀನಲ್ರೀ!"

ಸದ್ಯ, ಬದುಕಿಕೊಂಡೆ. ಬೇಕಾದರೆ ಇನ್ನಿಬ್ಬರನ್ನು ಕೊಡ್ತೀನಿ, ಬೇಗ ಮುಗಿಸಿ ಅಂತಲೂ ಅಂದರು. ಇಬ್ಬರಲ್ಲ, ಇಪ್ಪತ್ತು ಜನ ಬಂದರೂ ನನ್ನ ಡೆಲಿವರಿ ಒಂದು ದಿನವೂ ಮುಂಚೆ ಆಗೋದಿಲ್ಲ ಅಂತ ಬಾಯಿ ತುದಿಗೆ ಬಂದಿತ್ತು. ಅದರ ಹಿಂದೆಯೇ ಬೇರೇನೋ ಬಂತು. ಓಡಿದೆ.

ರಜೆ ಹಾಕಬಹುದಿತ್ತಲ್ಲ ಅನ್ನುತ್ತೀರಿ. ಹಾಕಲು ಕೂತೆ. ಕಂಪ್ಯೂಟರಿನಲ್ಲಿ ಮೂರು ಆಯ್ಕೆ: ಕಾಯಿಲೆ, ಸ್ವಂತ ಕೆಲಸ, ಹೆರಿಗೆ. ಬಸಿರು ಕಾಯಿಲೆ ಅಲ್ಲ ಅಂತ ಊರೆಲ್ಲ ಹೇಳುತ್ತದೆ, ಆದ್ದರಿಂದ ಮೊದಲನೆಯದು ಒತ್ತಲು ಕೈ ಬರಲಿಲ್ಲ. ವಾಂತಿ ಸ್ವಂತ ಕೆಲಸವೇ, ಒಪ್ಪಿದೆ. ಆದರೆ ಸ್ವಂತ ಕೆಲಸಕ್ಕೆ ಒಂದು ವಾರ ಮೊದಲೇ ಅರ್ಜಿ ಕೊಡಬೇಕು. ಮುಂದಿನ ಮಂಗಳವಾರ 10.40ಕ್ಕೆ ನನಗೆ ವಾಂತಿ ಇದೆ, ದಯವಿಟ್ಟು ಮಂಜೂರು ಮಾಡಿ ಅಂತ ಬರೆಯೋದಾ? ಹೆರಿಗೆ ಅನ್ನುವುದನ್ನು ಒತ್ತಿ ನೋಡಿದೆ. ಹೆರಿಗೆಯ ದಿನಾಂಕ ಕೇಳಿತು, ಮೂರು ತಿಂಗಳ ಒಳಗಿನದಾದರೆ ಮಾತ್ರ ಮುಂದೆ ಹೋಗಿ ಅಂತು. ಅಂದರೆ ಹೊಟ್ಟೆ ಕಂಡ ಮೇಲೆ ಬನ್ನಿ ಅಂತ. ಮತ್ತೆ ಹಿಂದೆ ಬಂದು ಕಾಯಿಲೆ ಒತ್ತಿ, ಗ್ಯಾಸ್ಟ್ರಿಕ್ ಅಂತ ಬರೆದೆ. ಎರಡು ನಿಮಿಷದಲ್ಲಿ ಮಂಜೂರಾಯಿತು.

ಇಲ್ಲಿ ಒಂದು ತಪ್ಪೊಪ್ಪಿಗೆ. ನಾಲ್ಕು ವರ್ಷದ ಹಿಂದೆ ನಮ್ಮ ಸಾಲಿನಲ್ಲೇ ಒಬ್ಬಳು ಮಧ್ಯಾಹ್ನವಾದರೆ ಮೇಜಿಗೆ ತಲೆ ಕೊಟ್ಟು ಮಲಗುತ್ತಿದ್ದಳು. "ರಾತ್ರಿಯೆಲ್ಲ ಫೋನು ನೋಡಿದರೆ ಇನ್ನೇನಾಗುತ್ತೆ" ಅಂತ ಅಂದವಳು ನಾನೇ. ಅವಳಿಗೂ ಗ್ಯಾಸ್ಟ್ರಿಕ್ ಇತ್ತು.

ಕಂಪನಿಗೆ ನಮ್ಮ ಮೇಲೆ ಕಾಳಜಿ ಇಲ್ಲ ಅಂತ ಮಾತ್ರ ಹೇಳಬೇಡಿ. ನನಗೆ ಒಂಬತ್ತನೇ ವಾರ ನಡೆಯುತ್ತಿದ್ದಾಗಲೇ ಒತ್ತಡ ನಿವಾರಣಾ ಶಿಬಿರ ಇಟ್ಟರು. ಸಂಜೆ ಆರೂವರೆಗೆ, ಕೆಲಸ ಮುಗಿದ ಮೇಲೆ. ಕಡ್ಡಾಯ. ಬರದವರು ಕಾರಣ ಬರೆದು ಕೊಡಬೇಕು. ಕಿಟಕಿ ಇಲ್ಲದ ಕೋಣೆ. ಮನಸ್ಸು ಅರಳಲಿ ಅಂತ ಅದರ ತುಂಬಾ ಎಂಥದೋ ಹೂವಿನ ಸ್ಪ್ರೇ ಹೊಡೆದಿದ್ದರು. ಬಿಳಿ ಜುಬ್ಬದ ತರಬೇತುದಾರರು ಮೆತ್ತಗೆ ಶುರು ಮಾಡಿದರು. "ಕಣ್ಣು ಮುಚ್ಚಿ. ಉಸಿರು ಆಳವಾಗಿ ಎಳೆದುಕೊಳ್ಳಿ. ಇನ್ನೂ ಆಳಕ್ಕೆ. ಈಗ ಗಮನವನ್ನೆಲ್ಲ ಹೊಟ್ಟೆ ಕಡೆ ತನ್ನಿ. ಅಲ್ಲಿ ಏನಾಗ್ತಾ ಇದೆ, ನೋಡಿ."

ಒಂದು ತಿಂಗಳಿಂದ ನಾನು ಬೇರೇನೂ ನೋಡಿರಲಿಲ್ಲ. ಆ ಸ್ಪ್ರೇಯನ್ನು ಆಳವಾಗಿ ಎಳೆದುಕೊಂಡದ್ದೇ ತಡ, ಮೂರು ಜನರ ಮಂಡಿ ದಾಟಿ, ಒಬ್ಬರ ನೀರಿನ ಬಾಟಲಿ ಉರುಳಿಸಿ, ಬಾಗಿಲಿಗೆ ಹಾರಿದೆ. ಕಾರಿಡಾರು ಮುಟ್ಟುವಾಗ ಹಿಂದಿನಿಂದ ಅವರ ದನಿ ಕೇಳಿಸುತ್ತಿತ್ತು. "ನೋಡಿದ್ರಾ? ಇದೇ. ಒಳಗಿನ ನೆಗೆಟಿವಿಟಿ ಹೊರಗೆ ಹೋಗೋದು ಹೀಗೇ." ವಾಪಸ್ ಬಂದಾಗ ಚಪ್ಪಾಳೆ ತಟ್ಟಿದರು. ಮಾರನೇ ದಿನದ ಮೇಲ್‌ನಲ್ಲಿ ಶಿಬಿರದ ಲಾಭ ಪಡೆದವರ ಉದಾಹರಣೆಗೆ ನನ್ನ ಹೆಸರಿತ್ತು. ಅದೇ ಮೇಲ್ ಕೆಳಗೆ, ಶನಿವಾರವೂ ಕೆಲಸ ಇದೆ ಅಂತ ಇತ್ತು.

ಈ ಗುಟ್ಟಿಗೆ ಕಾರಣ ಏನು ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಗೊತ್ತಾದ ಬಸಿರುಗಳಲ್ಲಿ 100ಕ್ಕೆ 10ರಿಂದ 20 ಉಳಿಯುವುದಿಲ್ಲ. ಹೆಚ್ಚಿನವು ಹೋಗುವುದು ಈ ಮೊದಲ ಮೂರು ತಿಂಗಳಲ್ಲೇ. ಅವುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ವರ್ಣತಂತುಗಳ ಲೆಕ್ಕ ತಪ್ಪಿದ್ದು. ಬಸುರಿ ಮೆಟ್ಟಿಲು ಹತ್ತಿದ್ದಲ್ಲ, ಕಂಪ್ಯೂಟರ್ ಮುಂದೆ ಕೂತದ್ದಲ್ಲ. ಹೋದರೆ ಜನಕ್ಕೆ ಏನು ಹೇಳೋದು ಅನ್ನುವ ಭಯಕ್ಕೆ ಹೇಳುವುದಿಲ್ಲ. ಸರಿ, ಹೋಯಿತು ಅಂತಲೇ ಇಟ್ಟುಕೊಳ್ಳಿ. ಆಗ ಏನು ಹೇಳುತ್ತಾಳೆ? ಗ್ಯಾಸ್ಟ್ರಿಕ್ ಜಾಸ್ತಿಯಾಗಿತ್ತು ಅಂತ ಎರಡು ದಿನ ರಜೆ ಹಾಕಿ ಮೂರನೇ ದಿನ ಬಂದು ಕೂರುತ್ತಾಳೆ. ಪಕ್ಕದವರು ತಮ್ಮ ಗ್ಯಾಸ್ಟ್ರಿಕ್ ಕತೆ ಹೇಳುತ್ತಾರೆ. ಕೇಳಿಸಿಕೊಳ್ಳುತ್ತಾಳೆ.

ದೊಡ್ಡವರು ಯೋಚನೆ ಮಾಡಿಲ್ಲ ಅಂತಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹುಟ್ಟಿದ್ದು 1919ರಲ್ಲಿ. ಹುಟ್ಟಿದ ವರ್ಷವೇ ಹೆರಿಗೆ ಬಗ್ಗೆ ಒಪ್ಪಂದ ಬರೆಯಿತು: ಹೆರಿಗೆಗೆ ಮುಂಚೆ 6 ವಾರ, ಆದ ಮೇಲೆ 6 ವಾರ. 2000ದಲ್ಲಿ ಬಂದ 183ನೇ ಒಪ್ಪಂದ ರಜೆಯನ್ನು ಕನಿಷ್ಠ 14 ವಾರ ಮಾಡಿತು. ಬಸುರಿ ಅನ್ನುವ ಕಾರಣಕ್ಕೆ ಕೆಲಸದಿಂದ ತೆಗೆಯಬೇಡಿ, ಅವಳ ಆರೋಗ್ಯಕ್ಕೆ ಹಾನಿಯಾಗುವ ಕೆಲಸ ಹೇರಬೇಡಿ ಅಂತಲೂ ಹೇಳಿತು. ಜೊತೆಗೆ ಬಂದ ಶಿಫಾರಸಿನಲ್ಲಿ ಭಾರ ಎತ್ತುವುದು, ತುಂಬಾ ಹೊತ್ತು ನಿಲ್ಲುವುದು ಎಲ್ಲ ಇದೆ. ತುಂಬಾ ಹೊತ್ತು ಕೂರುವುದೂ ಇದೆ! ಓದಿ ಕಣ್ಣಲ್ಲಿ ನೀರು ಬಂತು (ಆಗ ಯಾವುದಕ್ಕೂ ಬರುತ್ತಿತ್ತು ಬಿಡಿ). ಆದರೆ ಇದರಲ್ಲಿ ಏನಾದರೂ ಸಿಗಬೇಕಾದರೆ ಮೊದಲು ಹೇಳಬೇಕು. ಹೇಳಬೇಕಾದರೆ 12 ವಾರ ದಾಟಬೇಕು. 12 ವಾರ ದಾಟಿದ ಮೇಲೆ ಬೇಕಾದದ್ದು ಬೇರೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನೋದು ಇದಕ್ಕೇ ಇರಬೇಕು.

ನನಗಾದರೂ ಕುರ್ಚಿ ಇತ್ತು. ಅಂಗಡಿ ಕೌಂಟರಿನಲ್ಲಿ ಎಂಟು ಗಂಟೆ ನಿಂತೇ ಇರುವವಳು ಏನು ಮಾಡುತ್ತಾಳೆ? ರಾತ್ರಿ ಪಾಳಿಯ ನರ್ಸು? ಯಾವಾಗ ಓಡಬೇಕಾಗುತ್ತೋ ಅಂತ ಬಾಗಿಲ ಹತ್ತಿರವೇ ನಿಂತು ಪಾಠ ಮಾಡುವ ಟೀಚರು? ಒಂದು ದಿನ ಮುಖ ತೊಳೆಯುತ್ತಾ ಆ ಅಕ್ಕನನ್ನೇ ಕೇಳಿದೆ, ನಿಮಗೆ ಹೆಂಗಿತ್ತು ಅಂತ. ಎರಡು ಮಕ್ಕಳಂತೆ. ಎರಡೂ ಸಲ ಏಳನೇ ತಿಂಗಳ ತನಕ ಇದೇ ಕೆಲಸ. "ಫಿನಾಯಿಲ್ ವಾಸನೆಗೆ ಏನ್ ಮಾಡ್ತಿದ್ರಿ ಅಕ್ಕಾ?" ಅಂದೆ. "ವಾಂತಿ ಮಾಡ್ಕೊಂಡು, ಮತ್ತೆ ಅಲ್ಲೇ ಫಿನಾಯಿಲ್ ಹಾಕ್ತಿದ್ದೆ" ಅಂತ ನಕ್ಕರು.

ಐದನೇ ತಿಂಗಳಿಗೆ ಹೊಟ್ಟೆ ಕಂಡಿತು. ಹೆಚ್ಚಿನವರಿಗೆ ವಾಕರಿಕೆ 16ರಿಂದ 20ನೇ ವಾರದೊಳಗೆ ಇಳಿದಿರುತ್ತದೆ. ನನಗೂ ಇಳಿದಿತ್ತು. ಹಸಿವಾಗುತ್ತಿತ್ತು. ಮೀಟಿಂಗಿನಲ್ಲಿ ಕಣ್ಣು ತೆರೆದಿದ್ದರೆ ನಿಜವಾಗಿಯೂ ಎಚ್ಚರ ಇರುತ್ತಿದ್ದೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಕೆಲಸ ಮಾಡಬೇಕು ಅನ್ನಿಸಿತು.

ಕಾಳಜಿ ಶುರುವಾದದ್ದು ಆಗ. ಲಿಫ್ಟಿನಲ್ಲಿ ದಾರಿ ಬಿಟ್ಟರು. ಒಬ್ಬರು ಬೆನ್ನಿಗೆ ದಿಂಬು ತಂದರು, ಇನ್ನೊಬ್ಬರು ಕಾಲಿಗೆ ಮಣೆ. ನಾನು ಪೆನ್ನು ಬೀಳಿಸಿದರೆ ಮೂವರು ಬಗ್ಗುತ್ತಿದ್ದರು. "ಅಯ್ಯೋ, ಮೊದಲೇ ಹೇಳಬಾರದಿತ್ತಾ?" ಅಂದರು ಎಚ್‌ಆರ್ ಮೇಡಂ. ಹೊಟ್ಟೆ ಇಲ್ಲದೆ ಹಾಕಿದ ಅರ್ಜಿ ಮುಂದೆ ಹೋಗದ ಹಾಗೆ ಮಾಡಿಟ್ಟವರು ಅವರೇ. ಮ್ಯಾನೇಜರ್ ಸರ್ ಅಂತೂ ಕರಗಿಹೋದರು. "ನೀವಿನ್ನು ಟೆನ್ಷನ್ ಮಾಡ್ಕೋಬೇಡಿ ಅಮ್ಮಾ" ಅಂದು ಪ್ರಾಜೆಕ್ಟಿನಿಂದ ನನ್ನ ಹೆಸರನ್ನೇ ತೆಗೆದರು. ನನ್ನನ್ನು ಕೇಳಲಿಲ್ಲ. ಕೇಳಿದರೆ ಟೆನ್ಷನ್ ಆಗುತ್ತದಲ್ಲ.

ಅದೇ ವಾರ ಅಪ್ರೈಸಲ್ ಚೀಟಿ ಕೈಗೆ ಬಂತು. "ಮೊದಲ ತ್ರೈಮಾಸಿಕದಲ್ಲಿ ಉತ್ಸಾಹದ ಕೊರತೆ ಕಂಡುಬಂದಿದೆ" ಅಂತ ಬರೆದಿದ್ದರು. ಯಾವುದರ ಮೊದಲ ತ್ರೈಮಾಸಿಕ ಅಂತ ಬರೆದಿರಲಿಲ್ಲ. ಹೇಗೆ ಓದಿದರೂ ಸರಿಯಾಗೇ ಇತ್ತು, ಸಹಿ ಹಾಕಿ ಕೊಟ್ಟೆ.

ಮೊನ್ನೆ ಟಾಯ್ಲೆಟ್ಟಿಗೆ ಹೋದಾಗ ಹೊಸದಾಗಿ ಸೇರಿದ ಹುಡುಗಿ ಬೇಸಿನ್ ಮುಂದೆ ನಿಂತಿದ್ದಳು. ಕಣ್ಣು ಕೆಂಪಾಗಿತ್ತು, ಮುಂಗೂದಲು ಒದ್ದೆ. ನನ್ನನ್ನು ಕಂಡವಳೇ ನಲ್ಲಿ ಜೋರು ಮಾಡಿದಳು. "ಗ್ಯಾಸ್ಟ್ರಿಕ್ ಮೇಡಂ" ಅಂದಳು, ನಾನು ಏನೂ ಕೇಳುವ ಮೊದಲೇ.

"ಹೂಂ, ಈಗೆಲ್ಲ ಜಾಸ್ತಿ" ಅಂದೆ.

ಅವಳು ಮುಖ ಒರೆಸಿಕೊಂಡು ಹೊರಗೆ ಹೋದಳು. ಮೂಲೆಯಲ್ಲಿ ಬಕೆಟ್ ಹಿಡಿದು ನಿಂತಿದ್ದ ಅಕ್ಕ ನನ್ನ ಮುಖ ನೋಡಿದರು. ಆಮೇಲೆ ಫಿನಾಯಿಲ್ ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿ, ಕಡೇದನ್ನು ಬಿಟ್ಟು ಬೇಸಿನ್ ಒರೆಸೋಕೆ ಬಂದರು.