ಪರ್ಮಿಷನ್ ಐತೇನ್ರೀ ಶೀರನ್ ಸಾಹೇಬ್ರ?

ಚರ್ಚ್ ಸ್ಟ್ರೀಟಿನಲ್ಲಿ ಮೈಕಿನ ವೈರು ಕಿತ್ತ ಆ ಪೊಲೀಸಪ್ಪನಿಗೆ ಬಾಗಲಕೋಟೆಯಿಂದ ಒಂದು ದೊಡ್ಡ ನಮಸ್ಕಾರ. ಊರೆಲ್ಲ ಅವರನ್ನು ಬೈಯಿತು. ಬೆಂಗಳೂರಿನ ಮಾನ ಹೋಯಿತು ಅಂದರು, ಇನ್ನು ಯಾವ ಮುಖ ಇಟ್ಟುಕೊಂಡು ತಿರುಗೋದು ಅಂದರು. ನನಗಂತೂ ಭಾಳ ಖುಷಿಯಾಯಿತು. 2025ರ ಫೆಬ್ರವರಿ 9ರ ಭಾನುವಾರ, ಜಗತ್ತೇ ಕುಣಿಯುವ ಇಂಗ್ಲೆಂಡಿನ ಹಾಡುಗಾರ ಎಡ್ ಶೀರನ್ ಸಾಹೇಬರು ಫುಟ್‌ಪಾತಿನ ಮೇಲೆ ಗಿಟಾರ್ ಹಿಡಿದು ನಿಂತಿದ್ದಾರೆ. ಇವರು ಬಂದರು, ವೈರು ಕಿತ್ತರು, ಮುಗೀತು. ಸೆಲ್ಫಿ ಸಹ ಕೇಳಲಿಲ್ಲ.

ಸಮಾನತೆ ಅಂದರೆ ಇದೇ ಅಲ್ವಾ? ನಮ್ಮ ಓಣಿಯ ಗಣಪತಿ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದ ಹುಡುಗ ಪಲ್ಲವಿ ಮುಗಿಸಿ ಚರಣಕ್ಕೆ ಬಾಯಿ ತೆರೆದಿರುತ್ತಾನೆ. ರಾತ್ರಿ ಹತ್ತು ಹೊಡೆಯಿತೋ ಇಲ್ಲವೋ, ಧ್ವನಿ ಕಟ್. ಬಾಯಿ ಮಾತ್ರ ಇನ್ನೂ ಆಡುತ್ತಿರುತ್ತದೆ. ಠಾಣೆಗೊಂದು ಅರ್ಜಿ, ನಗರಸಭೆಗೊಂದು ಅರ್ಜಿ, ಕರೆಂಟಿಗೆ ಹೆಸ್ಕಾಂಗೊಂದು ಅರ್ಜಿ, ಮೂರರ ಜೆರಾಕ್ಸನ್ನೂ ಕಿಸೆಯಲ್ಲಿಟ್ಟುಕೊಂಡೇ ಹಾಡುವವರು ನಾವು. ಶೀರನ್ ಸಾಹೇಬರು ಮಾತ್ರ ಇನ್‌ಸ್ಟಾಗ್ರಾಮಿನಲ್ಲಿ ‘ನಮಗೆ ಪರ್ಮಿಷನ್ ಇತ್ತು’ ಎಂದು ಬರೆದರು. ಪೊಲೀಸರು ‘ನಾವು ಕೊಟ್ಟೇ ಇಲ್ಲ’ ಅಂದರು. ಇಬ್ಬರೂ ಸುಳ್ಳು ಹೇಳಿಲ್ಲ ಅಂತ ನನ್ನ ಲೆಕ್ಕ. ಈ ದೇಶದಲ್ಲಿ ಪರ್ಮಿಷನ್ ಕೊಡುವ ಟೇಬಲ್ ಬೇರೆ, ವೈರು ಕೀಳುವ ಟೇಬಲ್ ಬೇರೆ. ಇಂಗ್ಲೆಂಡಿನಿಂದ ಬಂದವರಿಗೆ ಇದು ಗೊತ್ತಾಗಬೇಕಾದರೆ ಒಂದಷ್ಟು ದಿನ ನಮ್ಮ ತಹಶೀಲ್ದಾರ್ ಕಚೇರಿಯ ಕಟ್ಟೆ ಮೇಲೆ ಕೂರಬೇಕು.

ಅವತ್ತೇ ಸಂಜೆ ಮಾದಾವರದ ನೈಸ್ ಮೈದಾನದಲ್ಲಿ ಅವರ ಕಾರ್ಯಕ್ರಮ ಜೋರಾಗಿ ನಡೆಯಿತು. ಶಿಲ್ಪಾ ರಾವ್ ಜೊತೆ ತೆಲುಗು ಹಾಡನ್ನೂ ಹಾಡಿದರು. ಬೆಂಗಳೂರಿನಲ್ಲಿ ನಿಂತು ತೆಲುಗು! ಅದಕ್ಕೂ ಸ್ವಲ್ಪ ಗದ್ದಲವಾಯಿತು. ಪುಣ್ಯಕ್ಕೆ ಸಾಹೇಬರು ಬೆಳಗಾವಿಗೆ ಬರಲಿಲ್ಲ. ಬಂದಿದ್ದರೆ ಬಾಯಿ ತೆರೆಯುವ ಮೊದಲೇ ಯಾವ ಭಾಷೆಯಲ್ಲಿ ಹಾಡಬೇಕು ಅಂತ ಈ ಕಡೆಯವರದೊಂದು ಬಂದ್, ಆ ಕಡೆಯವರದೊಂದು ಬಂದ್. ಅಷ್ಟರಲ್ಲಿ ಕೊಲ್ಹಾಪುರದ ಬಸ್ಸು ನಿಪ್ಪಾಣಿಯಲ್ಲೇ ನಿಂತಿರುತ್ತಿತ್ತು.

ಬರಲಿಲ್ಲ ಅಂದೆನಲ್ಲ, ಬೇಸರವೇ ಅದು. ಪುಣೆ, ಹೈದರಾಬಾದ್, ಚೆನ್ನೈ, ಬೆಂಗಳೂರು, ಶಿಲ್ಲಾಂಗ್, ದೆಹಲಿ. ಇಷ್ಟೂ ಕಡೆ ಸಾಹೇಬರ ಟೂರ್. ಅದಕ್ಕೂ ಮೊದಲು ಜನವರಿ 24ಕ್ಕೆ ಭೂತಾನದ ಥಿಂಪು. ಪುಣೆಯಿಂದ ಹೈದರಾಬಾದಿಗೆ ಹೋಗುವವರಿಗೆ ವಿಜಯಪುರ, ಬಾಗಲಕೋಟೆ ಏನು ಅಂಥಾ ಸುತ್ತುದಾರಿಯೇ? ಕೇಳಿದರೆ ಸಂಘಟಕರು ಹೇಳುವುದು ಇಷ್ಟೇ: ನಿಮ್ಮ ಕಡೆ ಸರಿಯಾದ ಕನೆಕ್ಟಿವಿಟಿ ಇಲ್ಲ. ಸ್ವಾಮಿ, ಭೂತಾನದಲ್ಲಿ ರೈಲೇ ಇಲ್ಲ! ರೈಲಿಲ್ಲದ ದೇಶಕ್ಕೆ ಹೋಗಿ ಹಾಡಿ ಬಂದವರಿಗೆ, ಅರ್ಧ ರೈಲು ಇರುವ ಬಾಗಲಕೋಟೆ ಯಾಕೆ ಕಷ್ಟ?

ಅರ್ಧ ರೈಲಿನ ಕಥೆ ನಿಮಗೆ ಗೊತ್ತೇ ಇದೆ. ಬಾಗಲಕೋಟೆ–ಕುಡಚಿ ಮಾರ್ಗ, 142 ಕಿಲೋಮೀಟರ್, 2010–11ರಲ್ಲಿ ಮಂಜೂರಾಯಿತು. ಈಗ ಸಾಹೇಬರ ಜಾತಕದ ಪಕ್ಕ ಇದನ್ನು ಇಟ್ಟು ನೋಡಿ. 2011ರಲ್ಲಿ ಅವರ ಮೊದಲ ಆಲ್ಬಂ ಬಂತು, ಹೆಸರು ಕೂಡುವ ಚಿಹ್ನೆ. 2014ರಲ್ಲಿ ಗುಣಿಸುವ ಚಿಹ್ನೆ. 2017ರಲ್ಲಿ ಭಾಗಿಸುವುದು. 2021ರಲ್ಲಿ ಸಮ. 2023ರಲ್ಲಿ ಕಳೆಯುವುದು. ಐದೂ ಚಿಹ್ನೆ ಸೇರಿಸಿ ಟೂರಿಗೆ ಹೆಸರಿಟ್ಟು, 2022ರ ಏಪ್ರಿಲ್‌ನಲ್ಲಿ ಡಬ್ಲಿನ್ನಿನಿಂದ ಹೊರಟು, ಭೂಮಿ ಸುತ್ತುತ್ತಾ ಬೆಂಗಳೂರಿಗೂ ಬಂದರು. ಅಂದರೆ ಒಬ್ಬ ಮನುಷ್ಯ ಒಂದು ಗಿಟಾರ್ ಹಿಡಿದು ಕೂಡಿಸಿ, ಗುಣಿಸಿ, ಭಾಗಿಸಿ, ಸಮ ಮಾಡಿ, ಕಳೆದು ಮುಗಿಸಿದರೂ ನಮ್ಮ ಹಳಿ ಕುಡಚಿ ಮುಟ್ಟಿಲ್ಲ. ಭೂಸ್ವಾಧೀನ ಅಂತಾರೆ. ರಾಜ್ಯದ ಪಾಲು ಅಂತಾರೆ, ಕೇಂದ್ರದ ಪಾಲು ಅಂತಾರೆ. ಲೋಕಾಪುರ, ಮುಧೋಳ, ಜಮಖಂಡಿ, ತೇರದಾಳ, ರಬಕವಿ-ಬನಹಟ್ಟಿ ಕಡೆಯವರು ರೈಲು ಹೋರಾಟದ ಧರಣಿ ಮಾಡಿ ಮಾಡಿ ಧರಣಿಯಲ್ಲೇ ಮುದುಕರಾದರು. ಇವತ್ತಿಗೂ ಬಾಗಲಕೋಟೆಯಿಂದ ಬೆಳಗಾವಿಗೆ ರೈಲಲ್ಲೇ ಹೋಗುತ್ತೇನೆ ಅನ್ನುವ ಹಟಮಾರಿ ಗದಗ, ಹುಬ್ಬಳ್ಳಿ, ಲೋಂಡಾ ಎಲ್ಲ ನೋಡಿಕೊಂಡು ಹೋಗಬೇಕು. ಅದೂ ಒಂದು ವರ್ಲ್ಡ್ ಟೂರೇ.

ಇದೆಲ್ಲ ನಗುತ್ತಾ ಹೇಳಬಹುದಿತ್ತು. ಆದರೆ ಜನವರಿಯಲ್ಲಿ ಇನ್ನೊಂದು ಸುದ್ದಿ ಓದಿದ್ದೆ. ಕೋಲ್ಡ್‌ಪ್ಲೇ ತಂಡ ಅಹಮದಾಬಾದಿನಲ್ಲಿ 25 ಮತ್ತು 26ಕ್ಕೆ ಹಾಡಿತಲ್ಲ, ಅದನ್ನು ಕೇಳುವವರಿಗಾಗಿ ಪಶ್ಚಿಮ ರೈಲ್ವೆ ಮುಂಬೈಯಿಂದ ಸ್ಪೆಷಲ್ ಟ್ರೇನ್ ಬಿಟ್ಟಿತು. ಕೇಳಿ ಎಷ್ಟು ಚಂದ ಇದೆ! ಧರಣಿ ಇಲ್ಲ, ಮನವಿಪತ್ರ ಇಲ್ಲ, ಸರ್ವೇ ಇಲ್ಲ. ಹಾಡು ಕೇಳಬೇಕು ಅಂದರು, ಬೋಗಿ ಜೋಡಿಸಿದರು. ಆಮೇಲೆ ಜನವರಿ 28ಕ್ಕೆ ಭುವನೇಶ್ವರದಲ್ಲಿ ಪ್ರಧಾನಿಯವರೇ ಈ ಕಾರ್ಯಕ್ರಮಗಳ ಉದಾಹರಣೆ ಕೊಟ್ಟು ಕನ್ಸರ್ಟ್ ಎಕಾನಮಿಗೆ ಭಾರೀ ಅವಕಾಶ ಇದೆ ಅಂದರು. ಇರಬಹುದು. ನಮ್ಮ ಕಡೆಯದು ಕಬ್ಬಿನ ಎಕಾನಮಿ, ಸಿಮೆಂಟಿನ ಎಕಾನಮಿ, ಮಗ್ಗದ ಎಕಾನಮಿ. ಕಬ್ಬಿಗೆ ಹಾಡಲು ಬರುವುದಿಲ್ಲ, ಅದೇ ತಪ್ಪಾಗಿದೆ.

ಟಿಕೆಟಿನ ವಿಷಯಕ್ಕೆ ಬರೋಣ. ಕೋಲ್ಡ್‌ಪ್ಲೇ ಟಿಕೆಟ್ ಬಿಟ್ಟ 2024ರ ಸೆಪ್ಟೆಂಬರ್ 22, ಅದೂ ಭಾನುವಾರವೇ. ನವನಗರದಲ್ಲಿ ನಮ್ಮ ಅಣ್ಣನ ಮಗ ಊಟಕ್ಕೆ ಕರೆದರೂ ಏಳಲಿಲ್ಲ. ಮಂಚದ ಮೇಲೆ ಬೋರಲಾಗಿ ಬಿದ್ದುಕೊಂಡು ಚಾರ್ಜರ್ ಚುಚ್ಚಿದ ಫೋನನ್ನೇ ನೋಡುತ್ತಿದ್ದ. ಆ್ಯಪು ಒಮ್ಮೆ ಬಿತ್ತು, ಎದ್ದಿತು. ನಮ್ಮವ್ವ ಬಾಗಿಲಲ್ಲಿ ನಿಂತು ಕೇಳಿದಳು.

“ಏನ್ ನೋಡಾಕತ್ತೀಯೋ ಆಗಿಂದ?”

“ಪಾಳೇದಾಗ ಅದೀನಿ ಅಜ್ಜಿ.”

“ಎಲ್ಲಿ ಪಾಳಿ? ಮಂಚದ ಮ್ಯಾಲ ಬಿದ್ಕೊಂಡೀಯಲ್ಲೋ!”

“ಮುಂಬೈದಾಗ. ಹಾಡಿನ ಟಿಕೆಟಿಗೆ.”

“ಎಷ್ಟ್ ಮಂದಿ ಅದಾರ ಮುಂದ?”

“ಐದಾರು ಲಕ್ಷ.”

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನಿಮ್ಮಜ್ಜ ಪರಿಹಾರದ ಪಾಳಿಗೆ ನಿಂತಾಗ ಮುಂದ ಇಷ್ಟ್ ಮಂದಿ ಇರ್ಲಿಲ್ಲಪ. ಆದ್ರೂ ಅವ್ರ ಪಾಳಿ ಬರ್ಲಿಲ್ಲ” ಅಂದು ಒಳಗೆ ಹೋದಳು. ಹುಡುಗನಿಗೆ ಟಿಕೆಟ್ ಸಿಗಲಿಲ್ಲ. ಬರೀ ಟಿಕೆಟಿನ ಬೆಲೆಯೇ 35,000 ರೂಪಾಯಿವರೆಗೆ ಇತ್ತು. ಅರ್ಧ ದಿನದೊಳಗೆ ಅದೇ ಟಿಕೆಟ್ ಬೇರೆ ಸೈಟಿನಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಕೂತಿತ್ತು. ನಮ್ಮ ಅಪ್ಸರಾ ಟಾಕೀಸು, ಸಂಗಮ ಟಾಕೀಸುಗಳ ಮುಂದೆ ಲುಂಗಿ ಎತ್ತಿ ಕಟ್ಟಿಕೊಂಡು ‘ಹತ್ತಕ್ಕ ಇಪ್ಪತ್ತು’ ಅನ್ನುತ್ತಿದ್ದವರನ್ನು ಪೊಲೀಸರು ಕೊರಳಪಟ್ಟಿ ಹಿಡಿದು ಒಯ್ಯುತ್ತಿದ್ದರು. ಪಾಪ, ಅವರು ಆ್ಯಪ್ ಮಾಡಿಕೊಳ್ಳಬೇಕಿತ್ತು.

ಅವ್ವ ಅಂದ ಪಾಳಿ ಆಲಮಟ್ಟಿ ಅಣೆಕಟ್ಟಿನ ಮುಳುಗಡೆಯದು. ಹಳೇ ಬಾಗಲಕೋಟೆ ಹಿನ್ನೀರಿಗೆ ಹೋಗಿ ನಾವು ಸೆಕ್ಟರ್ ನಂಬರಿನ ಊರಲ್ಲಿ ಬಂದು ಕೂತಿದ್ದು ಹಳೇ ಮಾತಾಯಿತು. ಈಗ ಹೊಸ ಪಾಳಿ: 524.256 ಮೀಟರಿನದು. ಅಣೆಕಟ್ಟಿನಲ್ಲಿ ಅಲ್ಲಿಯವರೆಗೆ ನೀರು ನಿಲ್ಲಿಸಬಹುದು ಅಂತ ಕೃಷ್ಣಾ ನ್ಯಾಯಾಧಿಕರಣ ಹೇಳಿದ್ದು 2010ರ ಡಿಸೆಂಬರ್‌ನಲ್ಲಿ. ನೋಡಿ, ಇದಕ್ಕೂ ಅದೇ ವಯಸ್ಸು. ನೀರು ಬರುತ್ತದೆ ಅಂತ ಹೆಸರು ಹಚ್ಚಿದ ಊರಿನಲ್ಲಿ ಮನೆ ರಿಪೇರಿ ಮಾಡಿಸುವ ಹಾಗಿಲ್ಲ, ಹೊಲ ಮಾರುವ ಹಾಗಿಲ್ಲ, ಮಕ್ಕಳಿಗೆ ಸಂಬಂಧ ನೋಡಲು ಬಂದವರು ‘ನಿಮ್ಮೂರು ಮುಳುಗ್ತದಂತಲ್ಲ’ ಅಂತ ಚಹಾ ಕುಡಿದು ಎದ್ದು ಹೋಗುತ್ತಾರೆ. ಇದಕ್ಕೆ ಏನು ಜೋಕು ಮಾಡೋದು? ನನಗಂತೂ ಬರುತ್ತಿಲ್ಲ. ಒಂದು ಗೀಟು ಎಳೆದು, ಹಣವನ್ನೂ ಕೊಡದೆ, ಬಿಟ್ಟೂ ಬಿಡದೆ, ಜನರನ್ನು ಹಾಗೇ ನಿಲ್ಲಿಸಿಟ್ಟಿದ್ದಾರೆ. ನಾಚಿಕೆಯಾಗಬೇಕು. ಯಾರಿಗೆ ಅಂತ ಕೇಳಬೇಡಿ, ಎಲ್ಲ ಪಕ್ಷದವರೂ ಸರತಿಯ ಮೇಲೆ ಕುರ್ಚಿಯಲ್ಲಿ ಕೂತು ಎದ್ದಿದ್ದಾರೆ.

ಟೂರ್ ನಮ್ಮ ಕಡೆ ಬರುವುದೇ ಇಲ್ಲ ಅಂತಲ್ಲ. ಪ್ರತಿ ಚಳಿಗಾಲಕ್ಕೆ ಬೆಳಗಾವಿಗೆ ಒಂದು ದೊಡ್ಡ ತಂಡ ಬರುತ್ತದೆ. 2012ರಲ್ಲಿ ರಾಷ್ಟ್ರಪತಿಗಳನ್ನೇ ಕರೆಸಿ ಉದ್ಘಾಟಿಸಿದ ಸುವರ್ಣ ವಿಧಾನಸೌಧವೇ ವೇದಿಕೆ. ಕಲಾವಿದರಿಗೆಲ್ಲ ಲಾಡ್ಜು, ಕಾರು, ಊಟ. ಕುಂದಾ, ಕರದಂಟು ಪಾರ್ಸಲ್. ಪ್ರತಿ ಸಲ ‘ಹೊಸ ಆಲ್ಬಂ’ ಅಂತ ಪ್ರಚಾರ, ಒಳಗೆ ಹೋಗಿ ಕೇಳಿದರೆ ಅದೇ ಹಳೇ ಹಾಡು: ಉತ್ತರ ಕರ್ನಾಟಕದ ಸಮಗ್ರ ಅಭಿವೃದ್ಧಿ. ಅದನ್ನೂ ಕೊನೆಯ ದಿನಕ್ಕೆ ಇಟ್ಟಿರುತ್ತಾರೆ, ಅಷ್ಟೊತ್ತಿಗೆ ಅರ್ಧ ಮೇಳ ಬೆಂಗಳೂರಿನ ದಾರಿ ಹಿಡಿದಿರುತ್ತದೆ. ಪ್ರೇಕ್ಷಕರು ಹೊರಗೆ ಟೆಂಟಿನಲ್ಲಿ ಕೂತು ಘೋಷಣೆ ಕೂಗುತ್ತಾರೆ. ಒಬ್ಬ ಸಚಿವರು ಬಂದು ಮನವಿ ಇಸ್ಕೊಂಡು ಫೋಟೊಗೆ ನಿಂತು ಹೋಗುತ್ತಾರೆ. ಇದಕ್ಕೆ ಯಾವ ಪೊಲೀಸಪ್ಪನೂ ವೈರು ಕೀಳುವುದಿಲ್ಲ, ನೋಡಿ.

ಹಾಡುಗಾರರೇನು ನಮಗೆ ಹೊಸಬರಲ್ಲ. ವಿಜಯಪುರದ ಇಬ್ರಾಹಿಂ ಆದಿಲ್‌ಶಾಹಿ ಎರಡನೆಯವನನ್ನೇ ತೆಗೆದುಕೊಳ್ಳಿ. 1580ರಿಂದ 1627ರವರೆಗೆ ಆಳಿದ. ರಾಜ್ಯಭಾರಕ್ಕಿಂತ ತಂಬೂರಿಯ ಹುಚ್ಚೇ ಜಾಸ್ತಿ. ತಾನೇ ಪದ ಕಟ್ಟಿದ, ಅದರಲ್ಲಿ ಸರಸ್ವತಿಯನ್ನೂ ಹೊಗಳಿದ. ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ, ಆನೆಗೆ ಆತಶ್ ಖಾನ್. ಇಂಥ ಅರಸ ಟೂರಿಗೆ ಹೋಗುವ ಬದಲು ಗಾಯಕರನ್ನೆಲ್ಲ ತನ್ನ ಹತ್ತಿರವೇ ಕರೆಸಿಕೊಳ್ಳಬೇಕು ಅಂತ 1599ರಲ್ಲಿ ತೊರವಿ ಹತ್ತಿರ ನವರಸಪುರ ಅಂತ ಸಂಗೀತಕ್ಕೇ ಒಂದು ಊರು ಕಟ್ಟಿಸತೊಡಗಿದ. ಕೆಲಸ ಪೂರ್ತಿಯಾಗಲಿಲ್ಲ. 1624ರಲ್ಲಿ ಮಲಿಕ್ ಅಂಬರ್ ಬಂದು ಹಾಳುಗೆಡವಿದ. ಇಬ್ರಾಹಿಂನ ಮೊಮ್ಮಗ ಅಲಿ ಎರಡನೆಯವನ ಗೋರಿ ಬಾರಾ ಕಮಾನೂ ಅರ್ಧಕ್ಕೇ ನಿಂತಿದೆ. ಬುರಣಾಪುರದ ವಿಮಾನ ನಿಲ್ದಾಣದಲ್ಲಿ ಇವತ್ತಿನವರೆಗೆ ವಿಮಾನ ಇಳಿದಿಲ್ಲ ಅಂತ ಯಾರಾದರೂ ಗೊಣಗಿದರೆ, ಸಂಪ್ರದಾಯ ಅಂದುಕೊಳ್ಳಿ.

ಆದರೆ ಪೂರ್ತಿಯಾದದ್ದೂ ಒಂದಿದೆ. ಗೋಲಗುಮ್ಮಟ, 1656. ಶೀರನ್ ಸಾಹೇಬರು ವೇದಿಕೆ ಮೇಲೆ ಕಾಲ ಕೆಳಗೆ ಲೂಪ್ ಪೆಡಲ್ ಇಟ್ಟುಕೊಳ್ಳುತ್ತಾರೆ. ಒಂದು ಸಾಲು ಹಾಡಿ ಒತ್ತಿದರೆ ಅದು ಮತ್ತೆ ಮತ್ತೆ ಬರುತ್ತದೆ, ಅದರ ಮೇಲೆ ಇನ್ನೊಂದು ಸಾಲು ಹಾಡುತ್ತಾರೆ. ಗುಮ್ಮಟದಲ್ಲಿ ಆ ಪೆಟ್ಟಿಗೆ ಬೇಕಿಲ್ಲ. ಮೇಲೆ ಹತ್ತಿ ಒಮ್ಮೆ ಕೂಗಿದರೆ ಏಳು ಸಲ ವಾಪಸ್. ಶಾಲೆ ಟ್ರಿಪ್ಪಿನ ಹುಡುಗರು ಅಲ್ಲಿ ಶಿಳ್ಳೆ ಹೊಡೆದು, ಮಾಸ್ತರರ ಹೆಸರು ಕೂಗಿ, ಚಪ್ಪಾಳೆ ತಟ್ಟಿ ದಿನವಿಡೀ ಮಾಡುವ ಕಛೇರಿಗೆ ಕರೆಂಟೂ ಬೇಡ. ಕೀಳಬೇಕೆಂದರೆ ವೈರೇ ಇಲ್ಲ!

ಬೇಡ ಅಂದರೆ ಬನಶಂಕರಿ ಜಾತ್ರೆಗೆ ಬನ್ನಿ. 2025ರಲ್ಲಿ ಬನದ ಹುಣ್ಣಿಮೆ ಜನವರಿ 13ಕ್ಕೆ ಬಿದ್ದಿತ್ತು. ತಗಡು ಹೊಡೆದ ಥೇಟರುಗಳು ಸಾಲಾಗಿ ನಿಂತು ತಿಂಗಳಗಟ್ಟಲೆ ನಾಟಕ ಆಡುತ್ತವೆ, ರಾತ್ರಿ ಪೂರ್ತಿ, ಒಂದು ಮುಗಿದರೆ ಇನ್ನೊಂದು ಪ್ರಯೋಗ. (ಹತ್ತು ಗಂಟೆಯ ನಿಯಮ ಎಲ್ಲಿ ಹೋಯಿತು ಅಂತ ಕೇಳಬೇಡಿ.) ಟಿಕೆಟ್ ಕಿಂಡಿಯಲ್ಲಿ ಒಂದು ಕೈ ಮಾತ್ರ ಕಾಣುತ್ತದೆ. ಗೇಟಿನವ ತೆಳ್ಳನೆ ಬಣ್ಣದ ಚೀಟಿಯನ್ನು ಅರ್ಧ ಹರಿದು ಕೊಡುತ್ತಾನೆ. ಸರ್ವರ್ ಡೌನ್ ಆಗುವುದಿಲ್ಲ. ಹೌಸ್‌ಫುಲ್ ಆದರೆ ಪಕ್ಕದ ಖಾನಾವಳಿಯಿಂದ ಕುರ್ಚಿ ಬರುತ್ತದೆ. ಬಣ್ಣ ಹಚ್ಚಿಕೊಂಡು ಜೀವ ತೇಯುವ ಆ ಕಲಾವಿದರಿಗೆ ಜಾತ್ರೆ ಮುಗಿದರೆ ಮುಂದಿನ ಊರಿಗೆ ಲಾರಿ, ಟ್ರಂಕು, ಅದರ ಮೇಲೆ ಮಲಗಿದ ಮಗು. ಅವರ ಎಕಾನಮಿಯ ಬಗ್ಗೆ ಯಾರೂ ಭಾಷಣ ಮಾಡಿದ್ದು ನಾನು ಕೇಳಿಲ್ಲ. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಹಾಡಲು ಮುಂಬೈಗೇ ಹೋಗಬೇಕಾಯಿತು, ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ದೇವಾಸಕ್ಕೆ ಹೋಗಿ ನೆಲೆ ನಿಂತರು. ಇಲ್ಲಿಂದ ಹೊರಡುವ ಟೂರಿಗೆ ಮಾತ್ರ ನಮ್ಮಲ್ಲಿ ಯಾವತ್ತೂ ಕೊರತೆಯಿಲ್ಲ.

ಹೀಗಾಗಿ ಶೀರನ್ ಸಾಹೇಬ್ರ, ನಿಮ್ಮಲ್ಲಿ ಒಂದು ವಿನಂತಿ. ಮುಂದಿನ ಟೂರಿನ ಪಟ್ಟಿಯಲ್ಲಿ ಕುಡಚಿ ಅಂತ ಒಂದು ಹೆಸರು ಸೇರಿಸಿ. ರಾಯಬಾಗ ತಾಲೂಕು, ಬೆಳಗಾವಿ ಜಿಲ್ಲೆ, ಸ್ಟೇಷನ್ ಈಗಾಗಲೇ ಇದೆ. ತಾರೀಖು ನಿಮಗೆ ಬೇಕಾದ್ದು ಹಾಕಿ. ಬಾಗಲಕೋಟೆಯಿಂದ ಅಭಿಮಾನಿಗಳು ಬರಬೇಕು, ಸ್ಪೆಷಲ್ ಟ್ರೇನ್ ಬೇಕು ಅಂತ ಒಂದು ಪೋಸ್ಟ್ ಹಾಕಿ. ಪರ್ಮಿಷನ್ ನಾವು ನೋಡಿಕೊಳ್ಳುತ್ತೇವೆ, ಮೂರು ಜೆರಾಕ್ಸ್ ಸಮೇತ. ನೀವು ಬಂದು ಹಾಡಲೇಬೇಕು ಅಂತಿಲ್ಲ. ಹಳಿ ಹಾಕಿ ಮುಗಿಯುತ್ತಿದ್ದ ಹಾಗೆ ಗಂಟಲು ಸರಿಯಿಲ್ಲ ಅಂತ ಹೇಳಿ ಕ್ಯಾನ್ಸಲ್ ಮಾಡಿಬಿಡಿ. ಟಿಕೆಟ್ ದುಡ್ಡು ಯಾರೂ ವಾಪಸ್ ಕೇಳುವುದಿಲ್ಲ.