ಪುಸ್ತಕ ಕನ್ನಡದ್ದೇ, ರಾಜ್ಯ ಮಾತ್ರ ಬೇರೆ

ಸುಳ್ಯದಲ್ಲಿ ಓದಿ ಬೆಳೆದು ಕಾಸರಗೋಡಿನಲ್ಲಿ ನೆಲೆಸಿದ ನನಗೆ ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳನ್ನು ನೋಡಿದಾಗ ಸಣ್ಣ ಹೊಟ್ಟೆಕಿಚ್ಚು. ಇವರಿಗೆ ಐಸಿಟಿಯ, ಅಂದರೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ, ಪಠ್ಯಪುಸ್ತಕವೇ ಇದೆ, ಅದೂ ಕನ್ನಡದಲ್ಲಿ. ಕೇರಳ ಸರಕಾರ ಅಚ್ಚು ಹಾಕಿಸಿದ್ದು.

ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ಕೇರಳ 2001ರಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆಯನ್ನು ಆರಂಭಿಸಿತು. ಅದೇ ಹೊತ್ತಿಗೆ ಕರ್ನಾಟಕದಲ್ಲಿ ಅಂಥದೇ 'ಮಾಹಿತಿ ಸಿಂಧು' ಯೋಜನೆ ಬಂತು. ಹೊರಟದ್ದು ಒಟ್ಟಿಗೇ, ದಾರಿ ಬೇರೆಯಾಯಿತು. ಕರ್ನಾಟಕ ಕಂಪ್ಯೂಟರನ್ನೂ ಕಲಿಸುವವರನ್ನೂ ಬಹುಮಟ್ಟಿಗೆ ಹೊರಗಿನ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟಿತು. ಅವಧಿ ಮುಗಿದ ಮೇಲೆ ಯಂತ್ರ ಶಾಲೆಗೆ ಉಳಿಯುತ್ತದೆ, ಕಲಿಸುತ್ತಿದ್ದವರು ಹೊರಡುತ್ತಾರೆ. ಆಮೇಲೆ ಆ ಕೊಠಡಿಯ ಬೀಗದ ಕೈ ಯಾರ ಬಳಿ ಎಂದು ಕೇಳಬೇಡಿ.

ಇಲ್ಲಿ ಕೇರಳದಲ್ಲಿ ಕಲಿಸುವ ಕೆಲಸ ಶಾಲೆಯ ಮೇಷ್ಟರ ತಲೆಗೇ ಬಂತು. ಗಣಿತವನ್ನೋ ಭೌತಶಾಸ್ತ್ರವನ್ನೋ ಕಲಿಸುವವರೇ ತರಬೇತಿ ಪಡೆದು ಐಟಿ ಸಂಯೋಜಕರಾದರು. ಎಸ್ಸೆಸ್ಸೆಲ್ಸಿಯಲ್ಲಿ ಐಟಿಗೂ ಅಂಕಗಳಿವೆ, ಕಂಪ್ಯೂಟರಿನ ಮುಂದೆ ಕುಳಿತೇ ಪರೀಕ್ಷೆ ಬರೆಯಬೇಕು. ತಂತ್ರಾಂಶವೆಲ್ಲ ಸ್ವತಂತ್ರ ತಂತ್ರಾಂಶ: ಕಂಪ್ಯೂಟರ್ ನಡೆಸುವ ಗ್ನು ಲಿನಕ್ಸ್, ಚಿತ್ರ ಬಿಡಿಸುವ ಇಂಕ್‌ಸ್ಕೇಪ್, ಗಣಿತ ಕಲಿಸುವ ಜಿಯೋಜೀಬ್ರಾ. ಪರವಾನಗಿಗೆ ದುಡ್ಡು ಕೊಡಬೇಕಾಗಿಲ್ಲ, ಮಕ್ಕಳು ಮನೆಯ ಕಂಪ್ಯೂಟರಿನಲ್ಲೂ ಹಾಕಿಕೊಳ್ಳಬಹುದು. ಜಿಯೋಜೀಬ್ರಾದಲ್ಲಿ ತ್ರಿಕೋನದ ಒಂದು ಶೃಂಗವನ್ನು ಪರದೆಯ ಮೇಲೆ ಎಳೆದಾಡಿದರೂ ಮೂರು ಕೋನಗಳ ಮೊತ್ತ 180 ಡಿಗ್ರಿಯಲ್ಲೇ ನಿಲ್ಲುವುದನ್ನು ಕಣ್ಣಾರೆ ಕಂಡ ಹುಡುಗಿಗೆ ಆ ಪ್ರಮೇಯವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. 2018ರಿಂದೀಚೆಗೆ ಪ್ರೊಜೆಕ್ಟರು, ಲ್ಯಾಪ್‌ಟಾಪುಗಳು ಸಾವಿರಾರು ತರಗತಿಗಳ ಒಳಗೇ ಬಂದವು. ಪ್ರತ್ಯೇಕ ಕೊಠಡಿಗೆ ಸಾಲಾಗಿ ನಡೆಯುವ ಶಾಸ್ತ್ರ ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಹಾಗೆಂದು ಎಲ್ಲವೂ ಸರಿಯಾಗಿದೆ ಎನ್ನಲಾರೆ. ಪರೀಕ್ಷೆ ಬಂದಲ್ಲಿ ಮಾದರಿ ಪ್ರಶ್ನೆಗಳ ಗಿಳಿಪಾಠವೂ ಬರುತ್ತದೆ. ವಿಡಿಯೊ ಮತ್ತಿತರ ಪೂರಕ ಸಾಮಗ್ರಿ ಮಲಯಾಳದಲ್ಲಿ ಸಿಗುವಷ್ಟು ಕನ್ನಡದಲ್ಲಿ ಸಿಗುವುದಿಲ್ಲ. ಈ ವಿಚಾರದಲ್ಲಿ ಕರ್ನಾಟಕವೇ ಸಿರಿವಂತ. ಆನ್‌ಲೈನ್ ಪಾಠಗಳ ದೀಕ್ಷಾ ವೇದಿಕೆಯಲ್ಲೂ, 2020ರಲ್ಲಿ ಚಂದನ ವಾಹಿನಿಯಲ್ಲಿ ಬಂದ 'ಸೇತುಬಂಧ' ಪಾಠಗಳಲ್ಲೂ ಕನ್ನಡದ್ದೇ ರಾಶಿ. ಆದರೆ ಪಠ್ಯಕ್ರಮ ಬೇರೆಯಾದ್ದರಿಂದ ಇಲ್ಲಿನ ಶಿಕ್ಷಕರು ಅದನ್ನು ಹೆಕ್ಕಿ ಹೆಕ್ಕಿ ಬಳಸಬೇಕು.

ಕರ್ನಾಟಕದ ಶಿಕ್ಷಣ ಇಲಾಖೆಗೆ ನನ್ನದೊಂದು ಸಲಹೆ. ಪ್ರೌಢಶಾಲೆಗೆ ಐಸಿಟಿ ಪಠ್ಯವನ್ನು ಸೊನ್ನೆಯಿಂದ ಬರೆಸಲು ಸಮಿತಿ ರಚಿಸುವ ಮೊದಲು ಮಂಗಳೂರಿನಿಂದ ಒಬ್ಬರು ತಲಪಾಡಿ ದಾಟಿ ಮಂಜೇಶ್ವರಕ್ಕೆ ಬರಲಿ. ಒಂದು ಗಂಟೆಯ ದಾರಿಯೂ ಅಲ್ಲ. ಪುಸ್ತಕವನ್ನೂ ಕಲಿಸುವ ಮೇಷ್ಟರನ್ನೂ ಅಲ್ಲೇ ನೋಡಬಹುದು, ದುಭಾಷಿ ಬೇಕಾಗಿಲ್ಲ.